ಕೂಸು ಹುಡುಕಿದ ಮುಖ

"ಗುರುಗಳೇ, ಐದಾರು ತಿಂಗಳ ಕೂಸಿಗೆ ಕಂಡ ಮುಖ ನೆನಪಿರುತ್ತದೆಯೇ?"

ಕೇಳಿದವನು ವಾಮನ. ಸನ್ಯಾಸ ಬೇಕೆಂದು ಮನೆ ಬಿಟ್ಟು ಮಠಕ್ಕೆ ಬಂದು ಅವನಿಗೆ ಎರಡು ತಿಂಗಳಾಗಿತ್ತು. ಗುರುಗಳು ಅವನನ್ನು ಎದುರಿಗೆ ಕೂರಿಸಿಕೊಂಡು ಒಂದು ಕತೆ ಹೇಳಿದರು.

ಒಬ್ಬ ಪುರೋಹಿತನಿದ್ದ. ಅವನ ಮಗ ಜ್ವರ ಬಂದು ತೀರಿಕೊಂಡ. ಸೊಸೆಯ ಮಡಿಲಲ್ಲಿ ಐದು ತಿಂಗಳ ಹೆಣ್ಣುಕೂಸು. ಆ ಕಾಲದಲ್ಲಿ ಗಂಡ ಸತ್ತ ಹತ್ತನೆಯ ದಿನ ಹೆಂಡತಿಯ ತಲೆ ಬೋಳಿಸಿ ಕೆಂಪು ಸೀರೆ ಉಡಿಸುತ್ತಿದ್ದರು. ಕೂಸು ಮೊಲೆ ಬಿಡುವವರೆಗಾದರೂ ತಡೆಯಿರಿ ಎಂದು ನೆರೆಯವರು ಹೇಳಿ ನೋಡಿದರು. ಪುರೋಹಿತ ಕೇಳಲಿಲ್ಲ. ಊರಿಗೆಲ್ಲ ಶಾಸ್ತ್ರ ಹೇಳುವವನು, ತನ್ನ ಮನೆಯಲ್ಲೇ ಸಡಿಲ ಬಿಟ್ಟರೆ ಮರ್ಯಾದೆ ಏನಾಗಬೇಕು? ಅಂಥ ಮರ್ಯಾದೆಗೆ ಬೆಂಕಿ ಬೀಳಲಿ.

ಸೊಸೆ ಒಂದೇ ಮಾತು ಕೇಳಿದಳು. "ಮಾವನವರೇ, ಕೂಸಿಗೆ ನನ್ನ ಗುರುತು ಸಿಗದೆ ಹೋದರೆ?"

"ಹಸುಗೂಸಿಗೆ ಏನು ತಿಳಿಯುತ್ತದಮ್ಮ? ಹಾಲು ಕೊಟ್ಟವಳೇ ಅದಕ್ಕೆ ತಾಯಿ," ಎಂದ ಪುರೋಹಿತ.

ಕ್ಷೌರಿಕ ಬಂದು ಹೋದ. ಸ್ನಾನ ಮುಗಿಸಿ ಅವಳು ಕೂಸನ್ನು ಎತ್ತಿಕೊಂಡಳು. ಕೂಸು ಅವಳ ಕಣ್ಣನ್ನು ನೋಡಲಿಲ್ಲ. ಹಣೆಯ ಮೇಲೆ ಕೂದಲು ಶುರುವಾಗುತ್ತಿದ್ದ ಜಾಗವನ್ನೇ ನೋಡಿತು. ಆಮೇಲೆ ಬೆನ್ನು ಸೆಟೆಸಿ ಕಿರುಚಿಕೊಂಡಿತು. ನಿದ್ದೆಗಣ್ಣಿನಲ್ಲಿ ಹಾಲು ಕುಡಿಯುತ್ತಿತ್ತು. ಎಚ್ಚರವಾಗಿ ಮುಖ ಕಂಡರೆ ಮೊಲೆ ಬಿಟ್ಟು ಅಳುತ್ತಿತ್ತು. ತಾಯಿ ಮುಖ ಆಚೆ ತಿರುಗಿಸಿಕೊಂಡು ಹಾಲೂಡುವುದನ್ನು ಕಲಿತಳು. ಗಂಡ ಸತ್ತಾಗ ಅತ್ತದ್ದಕ್ಕಿಂತ ಹೆಚ್ಚು ಅತ್ತಳು.

ತಿಂಗಳು ಕಳೆಯುವಷ್ಟರಲ್ಲಿ ಕೂಸಿನ ಅಳು ನಿಂತಿತು. ಅದು ಹೊಸ ಮುಖಕ್ಕೆ ಒಗ್ಗಿಕೊಂಡಿತು. ನಾನು ಹೇಳಿರಲಿಲ್ಲವೇ ಎಂದು ಪುರೋಹಿತ ಬೀಗಿದ. ಆದರೆ ಬೈತಲೆ ತೆಗೆದು ಬಾಚಿಕೊಂಡ ಹೆಂಗಸು ಯಾರೇ ಅಂಗಳಕ್ಕೆ ಬರಲಿ, ಕೂಸು ಅವಳ ಹಣೆಯನ್ನೇ ನೋಡುತ್ತ ಎರಡೂ ಕೈ ಚಾಚುತ್ತಿತ್ತು. ಹತ್ತಿರ ಬಂದ ಮೇಲೆ, ಇವಳಲ್ಲ ಎಂದು ಕೈ ಹಿಂದಕ್ಕೆ ಎಳೆದುಕೊಳ್ಳುತ್ತಿತ್ತು. ತಾಯಿಯ ತೊಡೆಯ ಮೇಲೆ ಕೂತುಕೊಂಡೇ ಅದು ತಾಯಿಯನ್ನು ಹುಡುಕುತ್ತಿತ್ತು.

ಗುರುಗಳು ಅಲ್ಲಿಗೆ ನಿಲ್ಲಿಸಿದರು.

"ಕೊನೆಗೆ ಮರೆತಿರಬೇಕಲ್ಲವೇ, ಗುರುಗಳೇ?" ಎಂದ ವಾಮನ.

"ನಿನ್ನ ಕೂಸಿಗೆ ಈಗ ಎಷ್ಟು ತಿಂಗಳು?" ಎಂದರು ಗುರುಗಳು.