ಉಪದೇಶಿ ಇನ್ನಾಸಪ್ಪ ಹೊತ್ತ ಸೊಪ್ಪಿನ ಹೊರೆ

ಅರ್ಕಾವತಿ ನದಿಯ ದಡದಲ್ಲಿ ಹೊಂಗೇಪಾಳ್ಯವೆಂಬುದು ರೇಷ್ಮೆ ಬೆಳೆಯುವ ಕ್ರೈಸ್ತರ ಸಣ್ಣ ಊರು. ಅಲ್ಲಿ ಗುರುಗಳಾಗಿದ್ದ ಪೂಜ್ಯ ಎಸ್ತೇವಪ್ಪ ಸ್ವಾಮಿಗಳ ಗುರುಮನೆಯೆಂದರೆ ಒಂದು ಕೋಣೆ, ಒಂದು ಚಾಪೆ, ಒಂದು ಮಣ್ಣಿನ ಹೂಜಿ. ಮಂಚವನ್ನು ಯಾವ ಬಾಣಂತಿಗೆ ಕೊಟ್ಟರೋ, ಕೇಳಿದರೆ ಅವರಿಗೇ ನೆನಪಿರುತ್ತಿರಲಿಲ್ಲ. ಅಂಥ ಪುಣ್ಯಾತ್ಮರು ಒಂದು ಬೆಳಗ್ಗೆ ಜಗಲಿಯ ಮೇಲೆ ಕುಳಿತು ರಾಗಿಯಲ್ಲಿ ಕಲ್ಲು ಆರಿಸುತ್ತಿದ್ದಾಗ ಉಪದೇಶಿ ಇನ್ನಾಸಪ್ಪ ಬಂದು ಕೈಮುಗಿದ.

ಇನ್ನಾಸಪ್ಪ ಸಾಮಾನ್ಯನಲ್ಲ. ಇಪ್ಪತ್ತು ವರ್ಷಗಳಿಂದ ಊರ ಮಕ್ಕಳಿಗೆ ಧರ್ಮೋಪದೇಶ ಕಲಿಸಿದವನು; ಒಬ್ಬರನ್ನೊಬ್ಬರು ಪ್ರೀತಿಸಬೇಕೆಂಬ ಏಸುಸ್ವಾಮಿಯ ಆಜ್ಞೆಯನ್ನು ನಿದ್ದೆಯಲ್ಲೂ ಒಪ್ಪಿಸಬಲ್ಲ. ಆದರೆ ಪಕ್ಕದ ಮನೆಯ ಸವರಪ್ಪನೊಂದಿಗೆ ಮಾತು ಬಿಟ್ಟು ಮೂರು ವರ್ಷವಾಗಿತ್ತು. ಕಾರಣ ಇಷ್ಟೇ: ಈಸ್ಟರ್ ಹಬ್ಬಕ್ಕೆ ಮುಂಚಿನ ತಪಸ್ಸುಕಾಲದ ಹಾಡಿನ ಅಭ್ಯಾಸದಲ್ಲಿ ಸವರಪ್ಪ ಎಲ್ಲರೆದುರು, ನಿನ್ನ ಗಂಟಲು ಹೋಯಿತು, ಇನ್ನು ಹುಡುಗರಿಗೆ ಬಿಡು ಎಂದುಬಿಟ್ಟಿದ್ದ. ಗಂಟಲು ಹೋಗಿದ್ದು ನಿಜವೇ. ಅದಕ್ಕೇ ಅಷ್ಟು ನೋವು.

ಈಗ ಸವರಪ್ಪನಿಗೆ ಕಷ್ಟ ಬಂದಿತ್ತು. ಕಾಡಿನಿಂದಿಳಿದ ಆನೆಗಳು ಅವನ ಹಿಪ್ಪುನೇರಳೆ ತೋಟವನ್ನು ನೆಲಸಮ ಮಾಡಿದ್ದವು. ಮನೆಯಲ್ಲಿ ರೇಷ್ಮೆಹುಳುಗಳು ನಾಲ್ಕನೇ ಸಲ ಪೊರೆ ಕಳಚಿ ಎದ್ದಿದ್ದವು. ಬಿಡದೆ ಮೇಯುವ ಹೊತ್ತು ಅದು. ಇವತ್ತು ಸೊಪ್ಪಿಲ್ಲವೆಂದರೆ ನಾಳೆ ಹುಳುಗಳನ್ನು ತಿಪ್ಪೆಗೆ ಸುರಿಯಬೇಕು. ಆ ಮನೆಯವರಿಗೆ ರೇಷ್ಮೆಯೇ ಅನ್ನ. ಊರಿನ ಉಳಿದವರ ಸೊಪ್ಪು ಅವರವರ ಹುಳುಗಳಿಗೇ ಸಾಲದು. ಇನ್ನಾಸಪ್ಪನ ಮನಸ್ಸು ಕರಗಿತ್ತು. ಸವರಪ್ಪನ ಬೆಳೆಗಾಗಿ ಚರ್ಚಿನಲ್ಲಿ ಒಂದು ಬಲಿಪೂಜೆ ಒಪ್ಪಿಸಬೇಕೆಂದು ಬೇಡಿಕೊಳ್ಳಲು ಬಂದಿದ್ದ. ಸ್ವಾಮಿಗಳು ಮೆಚ್ಚಿ ಬೆನ್ನು ತಟ್ಟುವರೆಂದು ಒಳಗೊಳಗೇ ಆಸೆಯೂ ಇತ್ತು.

ಸ್ವಾಮಿಗಳು ಸಂತೋಷದಿಂದ ಒಪ್ಪಿದರು. ಆಮೇಲೆ ಮೊರದಿಂದ ಕಣ್ಣೆತ್ತದೆ, ನಿಮ್ಮ ಹುಳು ಏನಾದವು ಎಂದು ಕೇಳಿದರು. ಮೊನ್ನೆಯೇ ಗೂಡು ಕಟ್ಟಿದವು ಎಂದ. ತೋಟದಲ್ಲಿ ಸೊಪ್ಪು ಉಳಿದಿದೆಯೇ ಎಂದರು. ಅರ್ಧ ಎಕರೆ ಹಾಗೇ ನಿಂತಿದೆ ಎನ್ನುವಷ್ಟರಲ್ಲಿ ಇನ್ನಾಸಪ್ಪನ ದನಿ ಸಣ್ಣಗಾಯಿತು.

“ಪೂಜೆ ನಾಳೆ ಒಪ್ಪಿಸ್ತೀನಿ. ಅಲ್ಲೀತನಕ ಆ ಹುಳ ಏನು ತಿನ್ಬೇಕು, ಇನ್ನಾಸಪ್ಪ?”

ಇನ್ನಾಸಪ್ಪ ತಲೆ ತಗ್ಗಿಸಿದ. “ನಂಗೆ ಅವನ ಮೇಲೆ ದ್ವೇಷ ಇಲ್ಲ ಸ್ವಾಮಿ. ದಿನಾ ಅವನಿಗೋಸ್ಕರ ಜಪಸರ ಮಾಡ್ತೀನಿ. ಅವನ ಬಾಗ್ಲು ತುಳಿಯೋದು ಮಾತ್ರ ನನ್ ಕೈಲಾಗಲ್ಲ.”

“ಏಸುಸ್ವಾಮಿ ನಮ್ಮನ್ನ ಮೇಲೇ ಕೂತ್ಕೊಂಡು ಪ್ರೀತಿಸ್ಲಿಲ್ಲ. ಇಳಿದು ಬಂದ್ರು.”

ಎಪ್ಪತ್ತು ದಾಟಿದ ಆ ಮಹಾನುಭಾವರು ಮೊರ ಬದಿಗಿಟ್ಟು, ಊರುಗೋಲು ಹಿಡಿದು, ನೇರ ಇನ್ನಾಸಪ್ಪನ ತೋಟಕ್ಕೆ ನಡೆದರು. ಬಿಸಿಲಲ್ಲಿ ಬಗ್ಗಿ ಬಗ್ಗಿ ಸೊಪ್ಪು ಬಿಡಿಸತೊಡಗಿದರು. ನೋಡಲಾರದೆ ಇನ್ನಾಸಪ್ಪನೂ ಕೈ ಹಾಕಿದ. ಹೊರೆಯಾಯಿತು. ಸ್ವಾಮಿಗಳು ಜೊತೆಗೆ ಬಂದು ನಾಲ್ಕು ಒಳ್ಳೆಯ ಮಾತಾಡಿ ರಾಜಿ ಮಾಡಿಸುವರೆಂದು ಅವನು ನಂಬಿದ್ದ. ಅವರೋ ಹೊರೆಯನ್ನು ಅವನ ತಲೆಗೇರಿಸಿ, ತಾವು ಬದುವಿನ ಮೇಲೆ ಕುಳಿತು ಜಪಕ್ಕೆ ತೊಡಗಿದರು. ಎಂಥ ವಿವೇಕ ಆ ಹಿರಿಯರದು! ತಾವು ನಡುವೆ ನಿಂತಿದ್ದರೆ ಅದು ಗುರುಗಳು ಕೊಡಿಸಿದ ಸೊಪ್ಪಾಗಿಬಿಡುತ್ತಿತ್ತು.

ಸವರಪ್ಪ ಬಾಗಿಲಲ್ಲೇ ನಿಂತು ಹೊರೆಯನ್ನೂ ಅವನನ್ನೂ ನೋಡಿದ. ಹುಳು ಸಾಕುವ ಕೋಣೆಗೆ ಹೊರಗಿನವರನ್ನು ಯಾರೂ ಬಿಡುವುದಿಲ್ಲ. ರೋಗ, ದೃಷ್ಟಿ ಎಂದು ಅಣ್ಣತಮ್ಮಂದಿರನ್ನೂ ಹೊಸ್ತಿಲಲ್ಲೇ ತಡೆಯುತ್ತಾರೆ. ಇನ್ನಾಸಪ್ಪ ಹೊರೆ ಇಳಿಸಿ ಹಿಂದಿರುಗಬೇಕೆನ್ನುವಷ್ಟರಲ್ಲಿ ಸವರಪ್ಪ ಪಕ್ಕಕ್ಕೆ ಸರಿದ.

“ಕಾಲ್ ತೊಳ್ಕೊಂಡು ಒಳಗ್ ಬಾ. ನೀನೇ ಹಾಕು.”

ತಟ್ಟೆಗಳ ಮೇಲೆ ಸೊಪ್ಪು ಬಿದ್ದದ್ದೇ ತಡ, ಸಾವಿರಾರು ಹುಳುಗಳು ಮೇಯುವ ಸದ್ದು ಕೋಣೆ ತುಂಬಿತು. ಇಷ್ಟು ವರ್ಷ ತಾನು ಮಕ್ಕಳಿಗೆ ಕಲಿಸಿದ್ದು ಏನೆಂದು ಇನ್ನಾಸಪ್ಪನಿಗೆ ಆಗ ತಿಳಿಯಿತು. ಅವನು ನಾಚಿಕೆಪಡದೆ ಅತ್ತ.

ಮರುದಿನ ಪೂಜೆಯೂ ಆಯಿತು. ಆರು ದಿನ, ದಿನಕ್ಕೆ ನಾಲ್ಕು ಸಲ, ಅವನೇ ಸೊಪ್ಪು ಹೊತ್ತ. ಏಳನೆಯ ದಿನ ಹುಳು ಹಣ್ಣಾಗಿ, ಗೂಡು ಕಟ್ಟುವ ಹದಕ್ಕೆ ಬಂದು, ಮೇವು ಬಿಟ್ಟವು; ತೋಟದಲ್ಲೂ ಕಡ್ಡಿ ಮಾತ್ರ ಉಳಿದಿತ್ತು. ಸವರಪ್ಪ ಹೆಂಡತಿಯೊಂದಿಗೆ ಕುಳಿತು, ಗೂಡು ಕಟ್ಟಲೆಂದು ಹುಳುಗಳನ್ನು ಚಂದ್ರಿಕೆಯೆಂಬ ಬಿದಿರಿನ ತಟ್ಟಿಗೆ ಬಿಡುತ್ತಿದ್ದಾಗ ಇನ್ನಾಸಪ್ಪ ಬರಿಗೈಯಲ್ಲಿ ಬಾಗಿಲಿಗೆ ಬಂದು ನಿಂತ. ಸೊಪ್ಪಿನ ಕೆಲಸ ಮುಗಿಯಿತಲ್ಲ, ಇನ್ಯಾಕೆ ಬಂದೆ ಎಂದು ಸವರಪ್ಪ ಕೇಳಿದ.

“ಸುಮ್ನೆ ಬಂದೆ ಕಣಯ್ಯ.”

ಸವರಪ್ಪ ಚಾಪೆಯ ಮೇಲೆ ಜರುಗಿ ಜಾಗ ಮಾಡಿಕೊಟ್ಟ.