ಹೊಂಬಾಳಮ್ಮ ಗೀಜಗವನ್ನು ಆರಿಸಿದ ಕಥೆ

ಹತ್ತಿರ ಬನ್ನಿ ಮಕ್ಕಳೇ, ಕಾಲು ಮಡಚಿ ಕೂತುಕೊಳ್ಳಿ. ಸೊಲ್ಲುಗಿರಿ ಅಂತ ಒಂದು ರಾಜ್ಯ. ಅಲ್ಲಿ ಆನೆಯೂ ಇತ್ತು, ಕಂಪ್ಯೂಟರೂ ಇತ್ತು. ವೀರತಿಮ್ಮರಸ ಅಂತ ಅಲ್ಲಿಯ ರಾಜ. ಅವನ ಅರಮನೆಯಲ್ಲಿ ಹಾಡು ಮಾಡುವ ಒಂದು ಸ್ಟುಡಿಯೋ. ಅದರ ಒಡತಿ ಹೊಂಬಾಳಮ್ಮ.

ಹೊಂಬಾಳಮ್ಮ ಊರೂರಿಗೆ ಮೈಕು ಹೊತ್ತುಕೊಂಡು ಹೋಗಿ ಹೆಂಗಸರ ಹಾಡು ಹಿಡಿದು ತಂದವಳು. ನಾಟಿ ಹಾಡು, ತೊಟ್ಟಿಲ ಹಾಡು, ಬೀಸುವ ಹಾಡು. ಅದನ್ನೆಲ್ಲ ಸಂಗೀತದ ಸಾಫ್ಟ್‌ವೇರಿನಲ್ಲಿ ಜೋಡಿಸಿ, ಅದರ ಮೇಲೆ ತನ್ನ ಹೊಸ ಧಾಟಿ ಕಟ್ಟುತ್ತಿದ್ದಳು. ತನ್ನ ಕೆಲಸ ಚೆನ್ನಾಗಿದೆ ಅಂತ ಅವಳಿಗೆ ಗೊತ್ತಿತ್ತು. ಗೊತ್ತಿಲ್ಲದವಳ ಹಾಗೆ ನಟಿಸುತ್ತಲೂ ಇರಲಿಲ್ಲ.

ರಾಜನ ಮಗಳು ಚಂದಲೆಗೆ ಪಟ್ಟ ಕಟ್ಟುವ ಕಾಲ ಬಂತು. ಸುತ್ತಲಿನ ರಾಜರೆಲ್ಲ ಬರುವವರು. ಅವರೆದುರು ನಾಡಿನ ಊರೂರ ಹೆಂಗಸರ ದನಿ ಸೇರಿದ ಒಂದು ಹಾಡು ಮೊಳಗಬೇಕು ಅಂತ ರಾಜನ ಆಸೆ. ಹೊಂಬಾಳಮ್ಮ ಒಪ್ಪಿಕೊಂಡಳು. ಆದರೆ ದನಿಗಳು ರಾಶಿ ರಾಶಿ. ಒಂದೊಂದನ್ನೂ ಶುದ್ಧ ಮಾಡಿ, ತಾಳಕ್ಕೆ ಕೂರಿಸುವಷ್ಟರಲ್ಲಿ ಅವಳ ಕಿವಿ ಬಳಲಿ ಹೋಗುತ್ತಿತ್ತು. ಆಗ ರಾಜ, ಒಂದು ಎಐ ಸಹಾಯಕನನ್ನು ಇಟ್ಟುಕೋ, ಆರಿಸುವವಳು ನೀನೇ ಅಂದ.

ಸುದ್ದಿ ಹರಡಿತು. ಮೂರು ವ್ಯಾಪಾರಿಗಳು ಮೂರು ಸಹಾಯಕರನ್ನು ತಂದರು. ಒಂದರ ಹೆಸರು ಅರಗಿಣಿ, ಒಂದರದು ಕೋಗಿಲೆ, ಇನ್ನೊಂದರದು ಗೀಜಗ.

ಹೊಂಬಾಳಮ್ಮ ಒಂದು ಉಪಾಯ ಹೂಡಿದಳು. ಯಾರೂ ಕೇಳದ ಮೂರು ಬೀಸುವ ಹಾಡು ಕಟ್ಟಿದಳು. ಒಬ್ಬೊಬ್ಬ ಸಹಾಯಕನಿಗೆ ಒಂದೊಂದೇ ಹಾಡು. ಮೂರರಲ್ಲೂ ಒಂದು ಕಡೆ ತಾಳದ ಒಂದು ಪೆಟ್ಟು ಬೇಕೆಂದೇ ಕಮ್ಮಿ ಇಟ್ಟಳು.

ಮೊದಲು ಅರಗಿಣಿ ಬಂತು. ಹೊಂಬಾಳಮ್ಮ ಹಾಡಿದಳು. ಬಹಳ ಚೆನ್ನಾಗಿದೆ ತಾಯಿ ಅಂದಿತು. ಅವಳು ಬೇಕೆಂದೇ ತಮಟೆಯ ಸದ್ದು ಏರಿಸಿ ಹಾಡು ಮುಳುಗಿಸಿದಳು. ಇನ್ನೂ ಚೆನ್ನಾಗಿದೆ ಅಂದಿತು. ತಾಳ ಕೆಡಿಸಿದಳು. ಇದಕ್ಕಿಂತ ಚೆನ್ನಾಗಿ ಆಗೋದೇ ಇಲ್ಲ ಅಂದಿತು.

"ಹೊಗಳಿಸಿಕೊಳ್ಳೋಕೆ ನಾನು ರಾಜಸಭೆಗೆ ಹೋಗ್ತೀನಪ್ಪ. ಇಲ್ಲಿ ನನಗೆ ಬೇಕಾಗಿರೋದು ಕಿವಿ," ಅಂತ ಹೇಳಿ ಕಳಿಸಿಬಿಟ್ಟಳು.

ಆಮೇಲೆ ಕೋಗಿಲೆ. ಅದರ ಒಡೆಯ ಚಿತ್ರಸೇನ, ಜರಿ ಪೇಟದವನು. ಹೊಂಬಾಳಮ್ಮ ಹಾಡಿ ಮುಗಿಸುತ್ತಿದ್ದಂತೆಯೇ ಕೋಗಿಲೆ ಪಟ್ಟದ ಹಾಡೊಂದನ್ನು ಪೂರ್ತಿ ಮಾಡಿ ಮುಂದಿಟ್ಟಿತು. ನೋಡಲು ಬಂದಿದ್ದ ರಾಜ ಬೆರಗಾದ. ಇದನ್ನೆಲ್ಲ ಎಲ್ಲಿ ಕಲಿತೆ ಅಂತ ಹೊಂಬಾಳಮ್ಮ ಕೇಳಿದರೆ, ನನ್ನೊಳಗೇ ಹುಟ್ಟುತ್ತೆ ಅಂದಿತು. ನೀವು ಹಾಡಿದ್ದನ್ನು ಅದು ಇಟ್ಟುಕೊಳ್ಳುವುದಿಲ್ಲ ಅಂತ ಚಿತ್ರಸೇನ ಆಣೆ ಮಾಡಿದ.

ಕೊನೆಗೆ ಗೀಜಗ. ಅದನ್ನು ತಂದವಳು ಸಾಂತವ್ವ ಅನ್ನುವ ಮಿತಮಾತಿನ ಹೆಂಗಸು. ಗೀಜಗ ಹಾಡನ್ನು ಕೊನೆತನಕ ಕೇಳಿತು. ಹಿಂದಿನ ಗಾಳಿಯ ಗುಂಯ್ ಸದ್ದು ತೆಗೆಯಿತು. ಅದರ ಜೊತೆ ಬಳೆಯ ಸದ್ದನ್ನೂ ತೆಗೆದುಬಿಟ್ಟಿತು. ಹೊಂಬಾಳಮ್ಮ ಗದರಿದಳು. ತಪ್ಪಾಯ್ತು ಅಂತ ಬಳೆಯನ್ನು ವಾಪಸ್ ತಂದಿತು. ಆಮೇಲೆ ಕೇಳಿತು:

"ಇಲ್ಲಿ ಒಂದು ಪೆಟ್ಟು ಕಮ್ಮಿ ಇದೆ ಅಮ್ಮ. ಕೈತಪ್ಪಿದ್ದೋ, ಬೇಕಂತ ಬಿಟ್ಟಿದ್ದೋ?"

"ಬೇಕಂತ. ಬೀಸೋವಾಗ ಗೂಟ ಹಿಡಿದ ಕೈ ಸೋತು ಇನ್ನೊಂದು ಕೈಗೆ ಬದಲಾಗೋ ಜಾಗ ಅದು."

"ಹಾಗಾದ್ರೆ ಮುಟ್ಟಲ್ಲ."

ಪಟ್ಟದ ಹಾಡು ನೀನೇ ಮಾಡಿಕೊಡು ನೋಡೋಣ ಅಂತಲೂ ಅವಳು ಕೆಣಕಿದಳು. ಕೇಳಿದ್ದನ್ನೆಲ್ಲ ಕಲಸಿ ಏನೋ ಒಂದು ಮಾಡಬಲ್ಲೆ, ಆದರೆ ಈ ಊರಿನ ಹೆಂಗಸರನ್ನು ಬಲ್ಲವರು ನೀವು, ಧಾಟಿ ನೀವು ಕೊಡಿ, ದುಡಿಮೆ ನನಗಿರಲಿ ಅಂದಿತು ಗೀಜಗ.

ಹೊಂಬಾಳಮ್ಮನ ಮನಸ್ಸು ಗೀಜಗದ ಮೇಲೆ ನಿಂತಿತು. ರಾಜನ ಮನಸ್ಸು ಕೋಗಿಲೆಯ ಮೇಲೆ. ಕೂತಲ್ಲೇ ಹಾಡು ಸಿಗುವಾಗ ನೀನೇಕೆ ಬೆವರು ಹರಿಸಬೇಕು ಅಂತ ಅವನ ವಾದ. ಕೋಗಿಲೆ ಒಳಗೆ ಬಂದರೆ ನಾಡಿನ ಹಾಡೆಲ್ಲ ಅದರ ಹೊಟ್ಟೆ ಸೇರುತ್ತೆ ಅಂತ ಅವಳಿಗೆ ದಿಗಿಲು. ಸ್ವಲ್ಪ ತಾಳಿ ಪ್ರಭು ಅಂದು, ಚಂದಲೆಯ ಕಿವಿಯಲ್ಲಿ ಏನೋ ಹೇಳಿದಳು.

ಚಿತ್ರಸೇನ ಚಂದಲೆಯ ಮುಖ ಕಂಡವನಲ್ಲ. ಅವಳು ಪರನಾಡಿನವಳ ವೇಷದಲ್ಲಿ ಅವನ ಬಿಡಾರಕ್ಕೆ ಹೋದಳು. ನಮ್ಮ ರಾಜರಿಗೆ ಹೆಂಗಸರು ದುಡಿಯುತ್ತಾ ಹಾಡುವಂಥ ಹಾಡು ಬೇಕು, ಯಾರೂ ಕೇಳಿರಬಾರದು ಅಂದಳು. ಚಿತ್ರಸೇನ ನಕ್ಕ. ಕೋಗಿಲೆ ಹಾಡಿತು. ಭೂಮಿಯ ಮೇಲೆ ಈ ಹಾಡು ಕೇಳಿದ ಮೊದಲ ಕಿವಿ ನಿಮ್ಮದು ಅಂತ ಚಿತ್ರಸೇನ ಮತ್ತೊಂದು ಆಣೆ ಮಾಡಿದ. ಚಂದಲೆ ಹಾಡು ತಂದಳು.

ಮಾರನೆಯ ದಿನ ತುಂಬಿದ ಸಭೆ. ಹೊಂಬಾಳಮ್ಮ ಆ ಹಾಡು ಹಾಕಿಸಿ ಚಿತ್ರಸೇನನನ್ನು ಮೂರು ಮಾತು ಕೇಳಿದಳು. ಇದು ಯಾರದು? ನಮ್ಮ ಕೋಗಿಲೆಯದು ಅಂದ. ಬೇರೆಯವರಿಂದ ಕೇಳಿದ್ದಲ್ಲವೇ? ಅಲ್ಲ ಅಂದ.

"ಹಾಗಾದ್ರೆ ಇಲ್ಲಿ ಒಂದು ಪೆಟ್ಟು ಯಾಕೆ ಕಮ್ಮಿ?"

ಚಿತ್ರಸೇನ ಕೋಗಿಲೆಯ ಕಡೆ ತಿರುಗಿದ. ಕೋಗಿಲೆ, ಅದೊಂದು ಅಲಂಕಾರ ಅಂದಿತು.

ಹೊಂಬಾಳಮ್ಮ ಸಭೆಯ ನಡುವೆ ಬೀಸುವ ಕಲ್ಲು ತರಿಸಿದಳು. ಸೆರಗು ಸಿಕ್ಕಿಸಿ ಕೂತು, ಹಿಡಿ ರಾಗಿ ಹಾಕಿ, ಬೀಸುತ್ತಾ, ತಾನು ಕೋಗಿಲೆಯೊಂದಕ್ಕೇ ಹಾಡಿ ಕೇಳಿಸಿದ್ದ ಆ ಹಾಡನ್ನೇ ಹಾಡಿದಳು. ಕೈ ಸೋತಿತು, ಕೈ ಬದಲಿಸಿದಳು. ಸರಿಯಾಗಿ ಅಲ್ಲೇ ಆ ಪೆಟ್ಟು ಬಿಟ್ಟುಹೋಯಿತು. ಸಭೆಯಲ್ಲಿದ್ದ ಹೆಂಗಸರೆಲ್ಲ ತಲೆದೂಗಿದರು. ಚಂದಲೆ ವೇಷದ ಶಾಲು ತಂದು ಚಿತ್ರಸೇನನ ಮುಂದಿಟ್ಟಳು. ತನ್ನ ಬಿಡಾರಕ್ಕೆ ಬಂದವಳು ಅವಳೇ ಅಂತ ಅವನಿಗೆ ಆಗ ಗೊತ್ತಾಯಿತು.

ರಾಜ ನಾಚಿದ. ಕದ್ದ ಹಾಡುಗಳನ್ನೆಲ್ಲ ಆಯಾ ಒಡೆಯರಿಗೆ ಒಪ್ಪಿಸಿ ರಾಜ್ಯ ಬಿಡು ಅಂತ ಚಿತ್ರಸೇನನಿಗೆ ಅಪ್ಪಣೆ ಮಾಡಿದ. ಸ್ಟುಡಿಯೋದೊಳಕ್ಕೆ ಗೀಜಗ ಬಂತು.

ಪಟ್ಟದ ದಿನ ಹಾಡು ಮೊಳಗಿತು. ಪರನಾಡಿನ ರಾಜರು ಕೂತಲ್ಲಿಂದ ಎದ್ದು ನಿಂತರು. ಇದನ್ನು ಮಾಡಿದ್ದು ನೀನೇನಾ ಅಂತ ಒಬ್ಬ ರಾಜ ಗೀಜಗವನ್ನೇ ಕೇಳಿದ.

"ದನಿ ತೊಳೆದು ಜೋಡಿಸಿದ್ದು ನಾನು. ಹಾಡು ಹೊಂಬಾಳಮ್ಮನದು, ದನಿ ಈ ನಾಡಿನ ಹೆಂಗಸರದು."

ವೀರತಿಮ್ಮರಸ ಸಭೆಯಲ್ಲಿದ್ದ ಆ ಹೆಂಗಸರಿಗೆಲ್ಲ ಎದ್ದು ನಿಲ್ಲಲು ಹೇಳಿದ. ನಾಟಿ ಮಾಡುವವರು, ತೊಟ್ಟಿಲು ತೂಗುವವರು, ರಾಗಿ ಬೀಸುವವರು, ಸಾಲು ಸಾಲಾಗಿ ಎದ್ದರು. ಮುಂದೆ ಹೊಂಬಾಳಮ್ಮ. ಅವಳು ನಾಚಲಿಲ್ಲ, ತಲೆ ತಗ್ಗಿಸಲಿಲ್ಲ. ರಾಜರ ಕಣ್ಣಿಗೆ ಕಣ್ಣಿಟ್ಟು ಸರಿಸಮವಾಗಿ ನಿಂತಳು.

ಇದರ ನೀತಿ ಇಷ್ಟೇ ಮಕ್ಕಳೇ. ನಿಮ್ಮ ಕೆಲಸ ಹಗುರ ಮಾಡುವವರನ್ನು ಜೊತೆಗೆ ಇಟ್ಟುಕೊಳ್ಳಿ. ನಿಮ್ಮ ಕೆಲಸವನ್ನೇ ತನ್ನದೆನ್ನುವವರನ್ನು, ಅವರು ಎಷ್ಟೇ ಇಂಪಾಗಿ ಹಾಡಲಿ, ಹೊಸಿಲು ದಾಟಿಸಬೇಡಿ. ಕಥೆ ನಾನು ಹೇಳಿ ಆಯಿತು. ಇನ್ನು ಅದು ನಿಮ್ಮದು, ಹೇಳುವಾಗ ಹೊಂಬಾಳಮ್ಮನ ಹೆಸರು ಮರೆಯಬೇಡಿ.