ಸ್ಟ್ಯಾಂಡಿನ ಬಿಸಿಲಿಗೆ ಯಾವ ಬ್ಯಾಟರಿ?

ಕಲಬುರಗಿಯ ಒಂದು ಗ್ಯಾರೇಜಿನಾಗ ಗುಲಾಬಿ ಅನ್ನೋ ಕರೆಂಟ್ ಆಟೋ ಹೊಟ್ಟಿ ಖಾಲಿ ಮಾಡ್ಕೊಂಡು ನಿಂತಿದ್ಳು. ಆಕಿ ಹಳೇ ಸೀಸದ ಬ್ಯಾಟರಿ ನೆಲದ ಮ್ಯಾಲ ಕಡೇ ಉಸಿರು ಎಳೀತಿತ್ತು. "ಈ ಸಲನೂ ಕೈಕೊಟ್ರ ನಿನ್ನ ಗುಜರಿಗೇ ಹಾಕ್ತೀನಿ," ಅಂತ ಗುಲಾಬಿಗೆ ಬೈದು ಮಾಲಕ ಚಾ ಕುಡಿಲಿಕ್ಕೆ ಹೋಗಿದ್ದ. ಅವ ಬರೋದ್ರೊಳಗ ಗುಲಾಬಿ ಹೊಸಾ ಬ್ಯಾಟರಿ ಆರಿಸ್ಬೇಕಿತ್ತು.

"ನೀ ಎಷ್ಟು ದೂರ ಒಯ್ತೀಯಪ್ಪ?" ಅಂತ ಕಪಾಟಿನಾಗಿದ್ದ ನಿಕ್ಕಲ್ ಬೆರೆತ ಲಿಥಿಯಂ ಬ್ಯಾಟರಿನ ಕೇಳಿದ್ಳು.

"ಒಂದು ಚಾರ್ಜಿಗೆ ನೂರೈವತ್ತು ಕಿಲೋಮೀಟರ್! ಮೈಯೂ ಹಗುರ," ಅಂತ ಅದು ಎದಿ ಉಬ್ಬಿಸ್ತು.

"ನೀ?"

"ನೂರು. ತೂಕನೂ ಜಾಸ್ತಿ," ಅಂತು ಪಕ್ಕದಾಗಿದ್ದ ಕಬ್ಬಿಣ ಬೆರೆತ ಲಿಥಿಯಂ ಬ್ಯಾಟರಿ.

ಗುಲಾಬಿ ಆಗಲೇ ನಿಕ್ಕಲ್ ಕಡೆ ವಾಲಿದ್ಳು. ಅಷ್ಟರಾಗ ಕಬ್ಬಿಣ ಕೇಳ್ತು, "ಅಕ್ಕಾ, ನಿನ್ನ ದಿನ ಹ್ಯಾಂಗ ಹೋಗ್ತದ?"

ಇದನ್ನ ಯಾರೂ ಆಕಿನ್ನ ಕೇಳಿರಲಿಲ್ಲ. "ಅರವತ್ತು ಕಿಲೋಮೀಟರ್ ಓಡ್ತೀನಿ. ಉಳಿದ ಹೊತ್ತೆಲ್ಲ ಸ್ಟ್ಯಾಂಡಿನಾಗ, ಬಿಸಿಲಿಗೆ ಸಾಲಿನಾಗ ನಿಂತಿರ್ತೀನಿ. ಸರಿದ್ರ ಪಾಳಿ ಹೋಗ್ತದ."

"ನೆರಳು?" ಅಂತ ನಿಕ್ಕಲ್ ಸಣ್ಣ ದನಿ ತಗೀತು.

"ಒಂದು ಬೇವಿನ ಗಿಡ ಅದ. ಅದರ ಕೆಳಗ ನಾಯಿಗಳ ಸಂಸಾರ ಅದ."

"ನಂಗ ಸೆಕಿ ಆಗಿಬರಂಗಿಲ್ಲ," ಅಂತ ನಿಕ್ಕಲ್ ಮಾರಿ ತಿರುಗಿಸ್ತು. "ನಾ ತಡಕೋತೀನಿ," ಅಂತು ಕಬ್ಬಿಣ.

ನೆಲದಾಗಿಂದ ಸೀಸ ಕೆಮ್ಮಿಕೋತ ನಕ್ತು. "ನಾನೂ ಬಂದ ದಿನ ಓಟದ್ದೇ ಹೇಳಿದ್ದೆ, ತಂಗಿ. ನಿಂತು ನಿಂತೇ ಬೆಂದುಹೋದೆ."

ಮರುದಿನ ಮಧ್ಯಾಹ್ನ ಸಾಲಿನಾಗ ಗುಲಾಬಿದು ಹನ್ನೊಂದನೇ ಪಾಳಿ. "ಭಾಳ ಭಾರ ಇದ್ದೀಯೋ ತಮ್ಮ," ಅಂತ ಹೊಟ್ಟ್ಯಾಗಿನ ಕಬ್ಬಿಣಕ್ಕ ಗೊಣಗಿದ್ಳು.

"ಎಷ್ಟು ಬಿಸಿಲಿದ್ರೂ ನಾ ಕೂತಿರ್ತೀನಿ ಅಕ್ಕಾ, ನೀ ಪಾಳಿ ನೋಡ್ಕೊ," ಅಂತು ಕಬ್ಬಿಣ.